ಲಿಂಕ್‌ಡಿಂಗ್ ಅಪ್‌ಡೇಟ್ ಆಯಿತು, ಬುಕ್‌ಮಾರ್ಕ್ ಮಾಯವಾಯಿತು: ಸೆಲ್ಫ್‌ಹೋಸ್ಟ್ ಮಾಡುವವರು ಈ ಒಂದು ಸಾಲು ನೋಡಿಕೊಳ್ಳಿ

ಲಿಂಕ್, ಲೇಖನ ಉಳಿಸಿಡುವ ಸೇವೆಗಳಲ್ಲಿ 2024ರ ನವೆಂಬರ್‌ನಲ್ಲಿ ಆಮ್ನಿವೋರ್ ನಿಂತಿತು, 2025ರ ಜುಲೈ 8ಕ್ಕೆ ಪಾಕೆಟ್ ಬಾಗಿಲು ಹಾಕಿತು. ಇನ್ನು ಯಾರ ಹಂಗೂ ಬೇಡ ಅಂತ, ಅದೇ ಕೆಲಸಕ್ಕೆ ಸ್ವಂತ ಮೆಷೀನಿನಲ್ಲೇ ಓಡಿಸಿಕೊಳ್ಳುವ (ಸೆಲ್ಫ್‌ಹೋಸ್ಟ್) ಲಿಂಕ್‌ಡಿಂಗ್, ವಾಲಾಬ್ಯಾಗ್, ಲಿಂಕ್‌ವಾರ್ಡನ್ ಕಡೆ ಬಂದವರು ಬಹಳ. ಬರಲಿ, ಒಳ್ಳೆಯದೇ. ಆದರೆ ಕಂಪನಿಗಳು ಮುಚ್ಚುವ ಮುಂಚೆ ಎಕ್ಸ್‌ಪೋರ್ಟ್ ಮಾಡಿಕೊಳ್ಳಲು ಒಂದಿಷ್ಟು ದಿನ ಕೊಡುತ್ತವೆ. ಈ ಆ್ಯಪ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಡಬ್ಬಿಯಲ್ಲಿಟ್ಟು ಓಡಿಸುವ ಡಾಕರ್ ಕೊಡುವುದಿಲ್ಲ.

ಒಂದು ಸೆಟಪ್‌ನಲ್ಲಿ ಆದದ್ದು ಹೀಗೆ. ತಿಂಗಳುಗಟ್ಟಲೆ ಓಡುತ್ತಿದ್ದ ಲಿಂಕ್‌ಡಿಂಗ್‌ಗೆ ಹೊಸ ಇಮೇಜ್ (ಆ್ಯಪ್‌ನ ಹೊಸ ವರ್ಷನ್‌ನ ಕಟ್ಟು) ಪುಲ್ ಮಾಡಿ ‘ಅಪ್’ ಕಮಾಂಡ್ ಕೊಟ್ಟದ್ದಷ್ಟೇ. ಲಾಗಿನ್ ಪುಟ ಪಾಸ್‌ವರ್ಡ್ ತಪ್ಪು ಎಂದಿತು. ಪಾಸ್‌ವರ್ಡ್ ಸರಿಯೇ ಇತ್ತು, ಯೂಸರೇ ಇರಲಿಲ್ಲ. ಡೇಟಾಬೇಸ್ ಹೊಸದಾಗಿ ಖಾಲಿ ಹುಟ್ಟಿತ್ತು. (ಸೂಪರ್‌ಯೂಸರ್ ಹೆಸರು, ಪಾಸ್‌ವರ್ಡನ್ನು ಎನ್ವಿರಾನ್‌ಮೆಂಟ್‌ನಲ್ಲೇ ಕೊಟ್ಟಿದ್ದರೆ ಲಾಗಿನ್ ಸಲೀಸಾಗಿ ಆಗುತ್ತದೆ, ಒಳಗೆ ಬರೀ ಬಿಳಿ ಪುಟ. ಅದು ಇನ್ನೂ ಹೊಟ್ಟೆ ಉರಿಸುವಂಥದ್ದು.)

ಕಾರಣ ಕಂಪೋಸ್ ಫೈಲಿನ (ಕಂಟೇನರ್ ಹೇಗೆ ಓಡಬೇಕು ಎಂದು ಬರೆದಿಡುವ ಫೈಲ್) ವಾಲ್ಯೂಮ್ ಸಾಲು, ಅಂದರೆ ಡೇಟಾ ಎಲ್ಲಿ ಉಳಿಯಬೇಕು ಎಂದು ಹೇಳುವ ಸಾಲು. ಕೋಲನ್‌ನ ಎಡಕ್ಕೆ ನಿಮ್ಮ ಮೆಷೀನಿನ ಫೋಲ್ಡರ್, ಬಲಕ್ಕೆ ಕಂಟೇನರ್ ಒಳಗಿನ ಜಾಗ. ಲಿಂಕ್‌ಡಿಂಗ್ ಬರೆಯುವುದು ‘/ಎಟ್‌ಸಿ/ಲಿಂಕ್‌ಡಿಂಗ್/ಡೇಟಾ’ದಲ್ಲಿ. ಬೇರೆ ಆ್ಯಪ್‌ನಿಂದ ಎತ್ತಿಕೊಂಡ ಆ ಸಾಲಿನ ಬಲಕ್ಕೆ ಬರೀ ‘/ಡೇಟಾ’ ಇತ್ತು. ಡಾಕರ್ ಇದಕ್ಕೆ ತಕರಾರು ತೆಗೆಯುವುದಿಲ್ಲ. ಹೊರಗೆ ಒಂದು ಖಾಲಿ ಫೋಲ್ಡರ್ ಮಾಡಿ ಸುಮ್ಮನಾಗುತ್ತದೆ. ನಿಜವಾದ ಡೇಟಾ ಕಂಟೇನರ್ ಒಳಗೇ ಕೂರುತ್ತದೆ. ರೀಸ್ಟಾರ್ಟ್ ಮಾಡಿ, ಮೆಷೀನೇ ರೀಬೂಟ್ ಮಾಡಿ, ಏನೂ ಆಗುವುದಿಲ್ಲ. ಅದಕ್ಕೇ ಗೊತ್ತಾಗುವುದಿಲ್ಲ. ಅಪ್‌ಡೇಟ್ ಅಂದರೆ ಮಾತ್ರ ಹಳೇ ಕಂಟೇನರ್ ಕಿತ್ತುಹಾಕಿ ಹೊಸದು ಕಟ್ಟುವುದು. ಹಳೆಯದರ ಜೊತೆ ಎಲ್ಲ ಹೋಯಿತು.

ಪರೀಕ್ಷೆಗೆ ಎರಡು ನಿಮಿಷ ಸಾಕು. ನಾಲ್ಕೈದು ಬುಕ್‌ಮಾರ್ಕ್ ಹಾಕಿ, ಎಡಗಡೆಯ ಫೋಲ್ಡರ್ ತೆರೆದು ‘ಡಿಬಿ.ಎಸ್‌ಕ್ಯೂಲೈಟ್3’ ಎಂಬ ಡೇಟಾಬೇಸ್ ಫೈಲ್ ಇದೆಯೇ ನೋಡಿ. ಇದ್ದರೆ ಆಮೇಲೆ ‘ಫೋರ್ಸ್-ರೀಕ್ರಿಯೇಟ್’ ಕೊಟ್ಟು ‘ಅಪ್’ ಮಾಡಿ. ಬುಕ್‌ಮಾರ್ಕ್ ಉಳಿದರೆ ಮಾತ್ರ ಪಾಕೆಟ್‌ನ ಹಳೇ ಫೈಲ್ ಇಂಪೋರ್ಟ್ ಮಾಡುವ ಮಾತು. ನೇಮ್ಡ್ ವಾಲ್ಯೂಮ್ (ಫೋಲ್ಡರ್ ಬದಲು ಹೆಸರು ಕೊಟ್ಟು ಡಾಕರ್‌ಗೇ ಒಪ್ಪಿಸಿದ ಜಾಗ) ಬಳಸುವವರು ‘ಡೌನ್’ ಜೊತೆ ‘-ವಿ’ ಹಾಕಬೇಡಿ, ಅದು ವಾಲ್ಯೂಮನ್ನೂ ಅಳಿಸುತ್ತದೆ. ಲಿಂಕ್‌ವಾರ್ಡನ್‌ನವರು ಅದರ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ಇಮೇಜಿಗೆ ‘ಲೇಟೆಸ್ಟ್’ ಬರೆಯಬೇಡಿ: ವರ್ಷನ್ 16ರ ಡೇಟಾ ಫೋಲ್ಡರ್ ಮೇಲೆ 17 ಏಳುವುದೇ ಇಲ್ಲ.

ಬ್ಯಾಕಪ್ ಇದೆಯಲ್ಲ ಅನ್ನುತ್ತೀರಾ? ಲಿಂಕ್‌ಡಿಂಗ್‌ನ ಡೇಟಾಬೇಸ್ ಆದ ಎಸ್‌ಕ್ಯೂಲೈಟ್ ವ್ಯಾಲ್ (WAL) ಮೋಡ್‌ನಲ್ಲಿದ್ದಾಗ ಹೊಸ ಬರಹ ಮೊದಲು ಪಕ್ಕದ ‘-ವ್ಯಾಲ್’ ಫೈಲಿಗೆ ಹೋಗುತ್ತದೆ. ಆ್ಯಪ್ ಓಡುತ್ತಿರುವಾಗ ಕ್ರಾನ್ (ಹೊತ್ತಿಗೆ ಸರಿಯಾಗಿ ತಾನೇ ಓಡುವ ಕೆಲಸ) ಹಾಕಿ ಮುಖ್ಯ ಫೈಲನ್ನಷ್ಟೇ ಕಾಪಿ ಮಾಡಿದರೆ ಇತ್ತೀಚಿನದ್ದು ಬಿಟ್ಟುಹೋಗಬಹುದು, ಒಮ್ಮೊಮ್ಮೆ ಫೈಲೇ ಕೆಟ್ಟಿರುತ್ತದೆ. ಲಿಂಕ್‌ಡಿಂಗ್‌ನಲ್ಲೇ ‘ಫುಲ್_ಬ್ಯಾಕಪ್’ ಕಮಾಂಡ್ ಇದೆ, ಡೇಟಾಬೇಸ್ ಜೊತೆ ಸ್ನ್ಯಾಪ್‌ಶಾಟ್‌ಗಳನ್ನೂ (ಉಳಿಸಿಟ್ಟ ಪುಟಗಳ ಪ್ರತಿ) ಜಿಪ್ ಮಾಡಿಕೊಡುತ್ತದೆ. ಆ ಜಿಪ್ ಅದೇ ಎಸ್‌ಡಿ ಕಾರ್ಡ್ ಮೇಲಿದ್ದರೆ ಇದ್ದೂ ಇಲ್ಲದ ಹಾಗೆ. ಮಳೆಗಾಲದಲ್ಲಿ ದಿನಕ್ಕೆ ನಾಲ್ಕು ಸಲ ಕರೆಂಟ್ ಹೋಗುವ ಊರಿನಲ್ಲಿ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನ ಕಾರ್ಡ್ ಎಷ್ಟು ದಿನ ತಡೆದೀತು? ಬ್ರೌಸರ್‌ನಿಂದ ತೆಗೆಯುವ ಎಚ್‌ಟಿಎಂಎಲ್ ಎಕ್ಸ್‌ಪೋರ್ಟ್‌ನಲ್ಲಿ ಸ್ನ್ಯಾಪ್‌ಶಾಟ್ ಬರುವುದಿಲ್ಲ. ಮೂಲ ಪುಟ ಸತ್ತಿದ್ದರೆ ಉಳಿಯುವುದು ವಿಳಾಸ ಮಾತ್ರ.

ವಿಪಿಎಸ್ (ಬಾಡಿಗೆ ಸರ್ವರ್) ಮೇಲೆ ಹಾಕುವವರಿಗೆ ಇನ್ನೊಂದು ಹೊಂಡ ಇದೆ. ಪೋರ್ಟ್ ಸಾಲಿನಲ್ಲಿ ‘9090:9090’ ಎಂದರೆ ಇಡೀ ಲೋಕಕ್ಕೆ ತೆರೆದಂತೆ. ಯುಎಫ್‌ಡಬ್ಲ್ಯು ಫೈರ್‌ವಾಲ್ ಆನ್ ಇದ್ದರೂ ಅಷ್ಟೇ, ಯಾಕೆಂದರೆ ಡಾಕರ್ ತನ್ನ ನಿಯಮಗಳನ್ನು ನೇರವಾಗಿ ಐಪಿಟೇಬಲ್ಸ್‌ಗೆ (ಲಿನಕ್ಸ್‌ನ ಒಳಗಿನ ಫೈರ್‌ವಾಲ್ ಪಟ್ಟಿ) ಬರೆಯುತ್ತದೆ. ಪ್ಯಾಕೆಟ್‌ಗಳು ಯುಎಫ್‌ಡಬ್ಲ್ಯು ನೋಡುವ ದಾರಿಗೇ ಬರುವುದಿಲ್ಲ. ಸ್ಟೇಟಸ್ ಕೇಳಿದರೆ ಎಲ್ಲ ಬಂದ್ ಎಂದೇ ತೋರಿಸುತ್ತದೆ. ‘127.0.0.1:9090:9090’ ಎಂದು ಬರೆದು ಮುಂದೆ ಕ್ಯಾಡಿ (ಎಚ್‌ಟಿಟಿಪಿಎಸ್ ನೋಡಿಕೊಳ್ಳುವ ವೆಬ್ ಸರ್ವರ್) ಇಡಿ, ಅಥವಾ ಟೇಲ್‌ಸ್ಕೇಲ್ (ನಿಮ್ಮ ಸಾಧನಗಳಷ್ಟೇ ಸೇರುವ ಖಾಸಗಿ ಜಾಲ) ಒಳಗೆ ಮಾತ್ರ ಇಟ್ಟುಕೊಳ್ಳಿ. ಪರೀಕ್ಷೆ ಮಾಡುವುದು ಸರ್ವರ್‌ನಿಂದಲ್ಲ, ವೈಫೈ ಆಫ್ ಮಾಡಿದ ಮೊಬೈಲ್‌ನಿಂದ. ಯಾರಿಗೂ ಗೊತ್ತಾಗದ ಸಬ್‌ಡೊಮೈನ್ ಹೆಸರು ಇಟ್ಟಿದ್ದೇನೆ ಎಂಬ ಧೈರ್ಯವೂ ಬೇಡ: ಆ ಹೆಸರಿಗೆ ಲೆಟ್ಸ್ ಎನ್‌ಕ್ರಿಪ್ಟ್‌ನ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ತೆಗೆದ ಕೂಡಲೇ ಅದು ಸಾರ್ವಜನಿಕ ಲಾಗ್‌ಗೆ ಹೋಗುತ್ತದೆ. ಬುಕ್‌ಮಾರ್ಕ್ ತಾನೇ, ನೋಡಿದರೆ ನೋಡಲಿ ಅನ್ನುವವರು ಒಮ್ಮೆ ತಮ್ಮ ಪಟ್ಟಿ ಮೇಲಿಂದ ಕೆಳಗೆ ಓದಿ. ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂದು ಬಿಟ್ಟ ಗೂಗಲ್ ಶೀಟ್ ಎಷ್ಟಿವೆ, ಆಫೀಸಿನ ಒಳಗಿನ ವಿಳಾಸ ಎಷ್ಟಿವೆ?

ತಿಂಗಳಿಗೊಮ್ಮೆ ಲ್ಯಾಪ್‌ಟಾಪ್‌ನಲ್ಲಿ ಖಾಲಿ ಫೋಲ್ಡರ್‌ಗೆ ಆ ಬ್ಯಾಕಪ್ ಜಿಪ್ ಬಿಚ್ಚಿ, ಸರ್ವರ್‌ನಲ್ಲಿರುವ ಅದೇ ವರ್ಷನ್‌ನ ಕಂಟೇನರ್ ಒಂದನ್ನು ಆ ಫೋಲ್ಡರ್ ಮೇಲೆ 9091 ಪೋರ್ಟ್‌ನಲ್ಲಿ ಎಬ್ಬಿಸಿ. ಲಾಗಿನ್ ಆಗಿ, ನಿನ್ನೆ ಸೇರಿಸಿದ ಲಿಂಕ್ ಇದೆಯೇ ನೋಡಿ, ಹಳೆಯ ಒಂದು ಸ್ನ್ಯಾಪ್‌ಶಾಟ್ ತೆರೆಯಿರಿ. ತೆರೆದರೆ ಕಂಟೇನರ್ ಅಳಿಸಿ. ತೆರೆಯದಿದ್ದರೆ ಅವತ್ತು ಅಪ್‌ಡೇಟ್ ಮುಟ್ಟಬೇಡಿ.