ಉದ್ಯಮಬಾಗದ ಬೋರ್ಡಿಲ್ಲದ ಗ್ಯಾರೇಜು: ಮುಂದಿನ ಚಕ್ರದ ರೋಗಕ್ಕೆ ಹಿಂದಿನ ಚಕ್ರದಲ್ಲಿ ಮದ್ದು

ಈ ಗ್ಯಾರೇಜಿಗೆ ಬೋರ್ಡ್ ಇಲ್ಲ. ಬೆಳಗಾವಿ ಉದ್ಯಮಬಾಗದಲ್ಲಿ ಎರಡು ಫೌಂಡ್ರಿಗಳ ನಡುವೆ ಒಂದು ತಗಡಿನ ಶೆಡ್, ಮುಂದೆ ಚಕ್ರವಿಲ್ಲದ ಒಂದು ಓಮ್ನಿ. ಅದು ನಿಂತು ಎಷ್ಟು ವರ್ಷವಾಯಿತೋ, ಈಗ ಗಿರಾಕಿಗಳಿಗೆ ಅದೇ ಗುರುತು. ಒಳಗೆ ಮೆಕ್ಯಾನಿಕ್ ಕಾಕಾ, ಜೊತೆಗೆ ಒಬ್ಬ ಹುಡುಗ.

ನನ್ನದು ಹಳೆಯ ಮಾರುತಿ ಎಸ್ಟೀಮ್. ವಾರವಿಡೀ ಲೇಥ್ ಮುಂದೆ ನಿಲ್ಲುವ ನನಗೆ ವರ್ಷಕ್ಕೆ ಎರಡು ಸಲ ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈ ರೇಸ್ ಟ್ರ್ಯಾಕಿಗೆ ಹೋಗುವ ಚಟ. ನಮ್ಮೂರಿನ ಪಕ್ಕದ ಹೆದ್ದಾರಿ 48 ಹಿಡಿದರೆ ಅದೇ ಅಲ್ಲಿಗೆ ಮುಟ್ಟಿಸುತ್ತದೆ. 800 ಕಿಲೋಮೀಟರ್ ದಾಟುತ್ತದೆ, ಅದೊಂದೇ ತೊಂದರೆ. ಕಳೆದ ಸಲ ಟ್ರ್ಯಾಕಿನ ನೇರ ದಾರಿ ಮುಗಿಯುವಲ್ಲಿ ಬ್ರೇಕ್ ಒತ್ತಿದಾಗೆಲ್ಲ ಮುಂದಿನ ಚಕ್ರ ಲಾಕ್ ಆಗುತ್ತಿತ್ತು, ಅಂದರೆ ತಿರುಗುವುದು ನಿಂತು ಜಾರುತ್ತಿತ್ತು. ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೇ ಹೋಗುತ್ತಿತ್ತು. ಒಂದು ಟೈರು ಒಂದೇ ಕಡೆ ಸವೆದು ಚಪ್ಪಟೆಯಾಗಿ, ವಾಪಸ್ ಬರುವಾಗ ದಾವಣಗೆರೆವರೆಗೂ ಟಪ ಟಪ ಸದ್ದು. ಆಮೇಲೂ ಇತ್ತು, ನನ್ನ ಕಿವಿಗೆ ರೂಢಿಯಾಯಿತು ಅಷ್ಟೇ.

2019ರ ಏಪ್ರಿಲ್‌ನಿಂದ ಹೊಸ ಕಾರಿಗೆಲ್ಲ ಎಬಿಎಸ್, ಅಂದರೆ ಚಕ್ರ ಲಾಕ್ ಆಗದ ಹಾಗೆ ತಡೆಯುವ ವ್ಯವಸ್ಥೆ, ಕಡ್ಡಾಯ. ನನ್ನದು ಅದಕ್ಕೂ ಎಷ್ಟೋ ಹಿಂದಿನದು. ಮುಂದೆ ಡಿಸ್ಕ್ ಬ್ರೇಕ್, ಹಿಂದೆ ಡ್ರಮ್ ಬ್ರೇಕ್, ನಡುವೆ ನನ್ನ ಕಾಲು. ಹಾಗಾಗಿ ಮುಂದಿನ ಬ್ರೇಕ್ ಇನ್ನೂ ದೊಡ್ಡದು ಹಾಕಿಸೋಣ ಅಂತ ಹೋದೆ. ಡಿಸ್ಕನ್ನು ಕಚ್ಚಿ ಹಿಡಿಯುವ ಪ್ಯಾಡ್ ಆಗಲೇ ದುಬಾರಿ ರೇಸಿನದ್ದು ಹಾಕಿಸಿದ್ದೆ. ಕಾಕಾ ಬಾನೆಟ್ ಕಡೆ ನೋಡಲೂ ಇಲ್ಲ. ಹಿಂದೆ ಜಾಕ್ ಕೊಟ್ಟರು, ನನಗೆ ಪೆಡಲ್ ಒತ್ತಿ ಹಿಡಿ ಅಂದರು. ಹೊರಗಿನಿಂದ ಚಕ್ರವನ್ನು ಕೈಯಲ್ಲೇ ತಿರುಗಿಸಿದರು. ಪೂರ್ತಿ ಒತ್ತಿದ್ದೆ, ಆದರೂ ಬಲಗಡೆ ಚಕ್ರ ತಿರುಗಿತು.

"ತಮ್ಮಾ, ಹಿಂದಿನ ಬ್ರೇಕ್ ಪಗಾರ ತಗೊಂಡು ಮನ್ಯಾಗ ಮಲಗೈತಿ. ಮುಂದಿನವ ಒಬ್ಬನ ಎಷ್ಟಂತ ದುಡೀಬೇಕು?"

ಡ್ರಮ್ ಬಿಚ್ಚಿದಾಗ, ಅದನ್ನು ಒಳಗಿನಿಂದ ಒತ್ತಿ ಹಿಡಿಯಬೇಕಾದ ಬ್ರೇಕ್ ಶೂ ಗಾಜಿನ ಹಾಗೆ ನುಣುಪಾಗಿ ಹೊಳೆಯುತ್ತಿತ್ತು. ಉಗುರಿನಿಂದ ಕೆರೆದು ನೋಡಿದೆ, ಗೀರು ಕೂಡ ಬೀಳಲಿಲ್ಲ. ಶೂವನ್ನು ತಳ್ಳುವ ವೀಲ್ ಸಿಲಿಂಡರಿನ ಪಿಸ್ಟನ್ ಅಂಟಿಕೊಂಡಿತ್ತು, ಶೂ ಸವೆದಷ್ಟೂ ಅದನ್ನು ಡ್ರಮ್ಮಿನ ಹತ್ತಿರ ತರುವ ಅಡ್ಜಸ್ಟರ್ ತುಕ್ಕು ಹಿಡಿದಿತ್ತು. ಮೊದಲು ಕಾರು ನೋಡಿದ್ದವರು ಶೂ ಅಡ್ಜಸ್ಟ್ ಮಾಡುವ ಬದಲು ಹ್ಯಾಂಡ್‌ಬ್ರೇಕ್ ಕೇಬಲ್ ಬಿಗಿದು ಕಳಿಸಿದ್ದರು. ಕೇಬಲ್ ಬಿಗಿಯಾಗಿದ್ದರೆ ಅಡ್ಜಸ್ಟರ್ ತನ್ನ ಕೆಲಸ ಮಾಡುವುದೇ ಇಲ್ಲ. ಹ್ಯಾಂಡ್‌ಬ್ರೇಕ್ ಚೆನ್ನಾಗಿ ಹಿಡಿಯುತ್ತದಲ್ಲ ಅಂತ ನಾನೂ ಸುಮ್ನೆ ಇದ್ದೆ. ಇದರ ಮೇಲೆ ನನ್ನ ರೇಸ್ ಪ್ಯಾಡ್ ಬೇರೆ. ಬಿಸಿಯಾದಷ್ಟೂ ಮುಂದೆ ಜಾಸ್ತಿ ಕಚ್ಚುವ ಮಾಲು ಅದು. ಹಿಂದೆ ಏನೂ ಇಲ್ಲ, ಮುಂದೆ ಮಿತಿಮೀರಿ. ಲಾಕ್ ಆಗದೆ ಇನ್ನೇನಾಗುತ್ತದೆ?

ಹೊಸ ಶೂ, ಎರಡೂ ಕಡೆ ಹೊಸ ವೀಲ್ ಸಿಲಿಂಡರ್, ಅದೂ ಕಂಪನಿ ಅಳತೆಯದ್ದೇ. ದೊಡ್ಡದು ಹಾಕಿ ಅಂದೆ, ಒಪ್ಪಲಿಲ್ಲ. ಹಿಂದಿನ ಚಕ್ರ ಮೊದಲು ಲಾಕ್ ಆದರೆ ಕಾರು ಗಿರಕಿ ಹೊಡೆಯುತ್ತದೆ. ಮುಂದಿನದು ಲಾಕ್ ಆದರೆ ಕಾಲು ಸ್ವಲ್ಪ ಎತ್ತಿ ಬಚಾವಾಗಬಹುದು. ಮುಂದೆ ಒಂದು ಕೂದಲಿನಷ್ಟು ಮೊದಲು ಲಾಕ್ ಆಗಬೇಕು, ಹಿಂದಿನದು ಅದರ ಬೆನ್ನಿಗೇ ಇರಬೇಕು. ಇದು ಕಾಕಾನ ಲೆಕ್ಕ. ರೇಸ್ ಪ್ಯಾಡ್ ತೆಗೆದು ಸೌಮ್ಯವಾದದ್ದು ಹಾಕಿದರು. ನನ್ನ ದುಡ್ಡಿನ ಪ್ಯಾಡ್ ಪೇಪರಿನಲ್ಲಿ ಸುತ್ತಿ ಕೈಗೆ ಕೊಟ್ಟರು. ಬ್ರೇಕ್ ಆಯಿಲ್ ಡಾಟ್ 3 ದರ್ಜೆಯದ್ದಿತ್ತು, ಡಾಟ್ 4 ಹಾಕಿದರು. ಆಯಿಲ್ ಕುದ್ದರೆ ಬ್ರೇಕ್ ಹಿಡಿಯುವುದಿಲ್ಲ. ಹೊಸದಿರುವಾಗ ಡಾಟ್ 3 ಕುದಿಯಲು ಕನಿಷ್ಠ 205 ಡಿಗ್ರಿ ಬೇಕು, ಡಾಟ್ 4ಕ್ಕೆ ಕನಿಷ್ಠ 230. ನೀರಿನಂಶ ಹೀರಿದರೆ ಎರಡೂ ಇಳಿಯುತ್ತವೆ. ನಮ್ಮ ಮಳೆಗಾಲ ಗೊತ್ತಲ್ವಾ, ಅದಕ್ಕೇ ಸೀಲ್ ಒಡೆದ ಡಬ್ಬಿ ಅವರು ಮುಟ್ಟುವುದಿಲ್ಲ.

ಪರೀಕ್ಷೆ ನನಗೆ ತುಂಬಾ ಇಷ್ಟವಾಯಿತು. ಪಕ್ಕದ ಕಾರ್ಖಾನೆಯ ಖಾಲಿ ಅಂಗಳಕ್ಕೆ ವಾಚ್‌ಮನ್‌ಗೆ ಹೇಳಿ ಹೋದೆವು. ನಾಲ್ಕೂ ಟೈರಿನ ಪಕ್ಕಕ್ಕೆ ಸೀಮೆಸುಣ್ಣದಲ್ಲಿ ದಪ್ಪ ಗೆರೆ ಎಳೆದರು. ನಾನು 40ರ ವೇಗದಲ್ಲಿ ಬಂದು ಬ್ರೇಕ್ ಒತ್ತುವುದು, ಹುಡುಗ ಮೊಬೈಲಿನಲ್ಲಿ ವಿಡಿಯೋ ಹಿಡಿಯುವುದು. ಯಾವ ಗೆರೆ ಮೊದಲು ನಿಂತಿತು ಅಂತ ನಿಧಾನ ಮಾಡಿ ನೋಡುವುದು. ಆರನೇ ಸಲಕ್ಕೆ ಮುಂದಿನ ಗೆರೆ ನಿಂತ ತಕ್ಷಣ ಹಿಂದಿನದೂ ತಡವರಿಸಿತು. "ಸಾಕ್ ಬಿಡು" ಅಂದರು. ಒದ್ದೆ ನೆಲದಲ್ಲಿ ಲೆಕ್ಕ ಬೇರೆ. ಹಿಡಿತ ಕಡಿಮೆಯಾದರೆ ಭಾರ ಮುಂದಕ್ಕೆ ವಾಲುವುದೂ ಕಡಿಮೆ. ಆಗ ಮುಂದಿನ ಚಕ್ರ ಇನ್ನೂ ಬೇಗ ಲಾಕ್ ಆಗುತ್ತದೆ.

ಟೈರಿನ ಹಿಡಿತಕ್ಕೆ ಎರಡೇ ಕೆಲಸ. ನಾನು ತಂಪಿದ್ದಾಗ 34 ಹವಾ ತುಂಬಿಸುತ್ತಿದ್ದೆ, ಗಟ್ಟಿ ಇದ್ದರೆ ಒಳ್ಳೆಯದು ಅಂತ. ಅದನ್ನು 28ಕ್ಕೆ ಇಳಿಸಿ, ಟ್ರ್ಯಾಕಿನಿಂದ ಒಳಗೆ ಬಂದ ಕೂಡಲೇ ಬಿಸಿಯಲ್ಲೇ ಅಳೆದು ಸರಿಮಾಡಿಕೋ ಅಂದರು. ಇನ್ನೊಂದು ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಓರೆ. ಮುಂದಿನ ಟೈರಿನ ಹೊರಗಿನ ಅಂಚು ಬೋಳಾಗಿತ್ತು, ಒಳಗಿನ ಅಂಚು ಹೊಸದರ ಹಾಗೇ ಇತ್ತು. ಕ್ಯಾಂಬರ್ ಬೋಲ್ಟ್ ಹಾಕಿ ಚಕ್ರದ ತಲೆ ಒಂದೂವರೆ ಡಿಗ್ರಿ ಒಳಕ್ಕೆ ವಾಲಿಸಿದರು. ಚಕ್ರದ ಓರೆ ಅಳೆಯುವ ಅಲೈನ್‌ಮೆಂಟ್ ಮಷೀನ್ ಇವರಲ್ಲಿಲ್ಲ, ಹೊರಗೆ ಕಳಿಸುತ್ತಾರೆ. ಕಂಪನಿ ಅಳತೆ ಬಿಟ್ಟು ಹೋದರೆ ಅದರ ಸ್ಕ್ರೀನಿನಲ್ಲಿ ಕೆಂಪು ಬರುತ್ತದೆ. ಅಲ್ಲಿನ ಹುಡುಗ "ಸರ್, ಸ್ಕ್ರೀನ್ ಮ್ಯಾಲ ಕೆಂಪ್ ಬರಾಕತ್ತೇತ್ರಿ" ಅಂದವನೇ, ನನ್ನನ್ನು ಕೇಳದೆ ಎಲ್ಲವನ್ನೂ ಹಸಿರು ಮಾಡಿಟ್ಟ. ಮತ್ತೆ ಕಾಕಾನನ್ನು ಕೂರಿಸಿಕೊಂಡು ಹೋಗಿ ಕೆಂಪು ಮಾಡಿಸಿಕೊಂಡು ಬಂದೆ.

ಹೋದ ತಿಂಗಳು ಮತ್ತೆ ಇರುಂಗಾಟ್ಟುಕೋಟೈಗೆ ಹೋಗಿದ್ದೆ. ಮೊದಲ ಸುತ್ತಿನಲ್ಲಿ ಟೈರು ತಂಪಿರುವಾಗ ಎಡಗಡೆ ಮುಂದಿನದು ಈಗಲೂ ಒಮ್ಮೊಮ್ಮೆ ಕಿರುಚುತ್ತದೆ. ಆಮೇಲೆ ಇಲ್ಲ. ಬ್ರೇಕ್ ಬಿಡುತ್ತಾ ತಿರುಗಿಸಿದರೆ ಮೂತಿ ಒಳಕ್ಕೆ ಬರುತ್ತದೆ. ಹಳೆಯ ಜಾಗಕ್ಕಿಂತ ಒಂದು ಕಾರಿನುದ್ದ ಮುಂದೆ ಹೋಗಿ ಬ್ರೇಕ್ ಒತ್ತುತ್ತಿದ್ದೇನೆ.

ಕೂಲಿ 1,800 ರೂಪಾಯಿ, ಸಾಮಾನಿನ ದುಡ್ಡು ಬೇರೆ. ಎರಡು ದಿನ ಅಂದವರು ಒಂಬತ್ತು ದಿನ ಮಾಡಿದರು. ಫೋನ್ ಎತ್ತುವುದಿಲ್ಲ, ಖುದ್ದು ಹೋಗಬೇಕು. ಅದಕ್ಕೆ ಒಂದು ಸ್ಟಾರ್ ಕಡಿಮೆ, ನಾಲ್ಕು. ಬಿಲ್ ಬೇಕಿದ್ದರೆ ಮೊದಲೇ ಹೇಳಿ. ಆಮೇಲೆ ಕೇಳಿದರೆ ಬ್ರೇಕ್ ಶೂ ಡಬ್ಬಿಯ ರಟ್ಟು ಹರಿದು ಅದರ ಮೇಲೆ ಬರೆದು ಕೊಡುತ್ತಾರೆ. ನನ್ನದು ಡ್ಯಾಶ್‌ಬೋರ್ಡಿನಲ್ಲಿದೆ, ಗ್ರೀಸಿನ ಹೆಬ್ಬೆಟ್ಟಿನ ಗುರುತಿನ ಸಮೇತ.