ಬದುವಿಗೆ ತೊಗರಿಯೋ, ಚೊಗಚೆಯೋ?

ಅರಸೀಕೆರೆ ಕಡೆಯ ನಮ್ಮ ಹೊಲದ ಬದುವಿನಲ್ಲಿ ತೊಗರಿಯೂ ಇದೆ, ಅಗಸೆ ಮರ ಅನ್ನುವ ಚೊಗಚೆಯೂ ಇದೆ. ಎರಡೂ ದ್ವಿದಳ ಜಾತಿ, ಬೇರುಗಂಟಿನಲ್ಲಿ ಸಾರಜನಕ ಹಿಡಿದಿಡುವಂಥವು. ಮಣ್ಣಿನ ಲೆಕ್ಕಕ್ಕೆ ಯಾವುದಾದರೂ ಸರಿ. ಅಡುಗೆಮನೆ ಕೇಳಿದರೆ ಮಾತ್ರ ನನ್ನ ಓಟು ತೊಗರಿಗೆ.

ರಾಗಿಯ ಜೊತೆ ಅಕ್ಕಡಿ ಸಾಲಿಗೆ, ಅಂದರೆ ನಡುನಡುವೆ ಬಿಡುವ ಮಿಶ್ರಬೆಳೆಯ ಸಾಲಿಗೆ, ತೊಗರಿ ಬಿತ್ತುವುದು ಇಲ್ಲಿ ಅಜ್ಜನ ಕಾಲದ್ದು. ನಾನು ಹಾಕಿರುವುದು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಬಿಆರ್‌ಜಿ-1, ಹಸಿಕಾಯಿಗೂ ಆಗುವ ತಳಿ. ಚಳಿ ಹಿಡಿಯುವ ಹೊತ್ತಿಗೆ ಕಾಯಿ ತುಂಬುತ್ತದೆ. ಸಿಪ್ಪೆ ಇನ್ನೂ ಹಸಿರಿದ್ದು, ಕಾಳು ಉಗುರಿಗೆ ಮೆತ್ತಗೆ ಸಿಕ್ಕಬೇಕು, ಅದೇ ಹದ. ಕಾಯನ್ನೇ ಉಪ್ಪು ಹಾಕಿ ಬೇಯಿಸಿ ಸುಲಿದು ತಿನ್ನಬಹುದು, ಕಾಳು ಬಿಡಿಸಿದರೆ ಮುದ್ದೆಗೆ ಸಾರು. ಮಿಕ್ಕಿದ್ದು ಒಣಗಿದರೆ ಬೇಳೆ, ಕಡ್ಡಿ ಒಲೆಗೆ.

ತಲೆನೋವು ಕಾಯಿಕೊರಕದ್ದು. ಕಾಯಿಗೆ ದುಂಡನೆ ತೂತು ಕೊರೆದು, ತಲೆಯನ್ನು ಒಳಗಿಟ್ಟು, ಅರ್ಧ ಮೈ ಹೊರಗೆ ಬಿಟ್ಟುಕೊಂಡು ಮೇಯುತ್ತಿರುತ್ತದೆ. ಗಿಡ ಅಲ್ಲಾಡಿಸಿ, ಬಿದ್ದ ಹುಳುವನ್ನು ಕೋಳಿಗೆ ಬಿಡುತ್ತೇವೆ. ಇನ್ನೊಂದು, ತೊಗರಿಯನ್ನು ಕುಳೆ ಬಿಟ್ಟು, ಅಂದರೆ ಕೊಯ್ದ ಬುಡವನ್ನೇ ಮತ್ತೆ ಚಿಗುರಲು ಬಿಟ್ಟು, ವರ್ಷಗಟ್ಟಲೆ ಉಳಿಸಿಕೊಳ್ಳುವ ಆಸೆ ಬೇಡ. ನುಸಿಯಿಂದ ಹರಡುವ ಗೊಡ್ಡು ರೋಗಕ್ಕೆ ಹಳೇ ಗಿಡವೇ ತವರು. ಎಲೆ ಚಿಕ್ಕದಾಗಿ ಬಿಳಿಚಿಕೊಂಡು, ಹೂವೇ ಬಿಡದ ಗಿಡ ಕಂಡರೆ ಕಿತ್ತು ಸುಡಿ.

ಚೊಗಚೆಗೆ ಆ ರಗಳೆಯಿಲ್ಲ. ಬೀಜ ಊರಿದರೆ ಸಾಕು, ನೋಡನೋಡುತ್ತ ತಲೆ ಮೀರಿ ಬೆಳೆಯುತ್ತದೆ. ಸೊಪ್ಪು ಕಂಡರೆ ಮೇಕೆಗಳು ಹಗ್ಗ ಕಿತ್ತುಕೊಳ್ಳುತ್ತವೆ. ವೀಳ್ಯದೆಲೆ ಬಳ್ಳಿ ಹಬ್ಬಿಸುವವರಿಗೆ ಆಸರೆಯ ಮರವೂ ಹೌದು. ಹೂವಿನ ಪಲ್ಯ ನನಗೆ ಇಷ್ಟ. ತೊಟ್ಟು, ನಡುವಿನ ಕೇಸರ ತೆಗೆದು, ಕಡಲೆಬೇಳೆ, ತೆಂಗಿನತುರಿ ಬೆರೆಸಬೇಕು, ಇಲ್ಲದಿದ್ದರೆ ಕಹಿ. ಸೊಪ್ಪಿನ ಪಲ್ಯವನ್ನು ನಮ್ಮ ಮಕ್ಕಳು ತಟ್ಟೆಯ ಅಂಚಿಗೇ ತಳ್ಳುತ್ತಾರೆ, ಬೈದು ಪ್ರಯೋಜನವಿಲ್ಲ. ಕಟ್ಟಿಗೆ ಮೆದು, ಜೋರು ಗಾಳಿಗೆ ಕೊಂಬೆ ಮುರಿಯುತ್ತದೆ. ಪದೇಪದೇ ಬುಡದವರೆಗೆ ಕಡಿದರೆ ಚಿಗುರದೆ ಸಾಯುತ್ತದೆ.

ಗೊಬ್ಬರದ ಗಿಡ ಗ್ಲಿರಿಸಿಡಿಯಾ ಈ ಪಂದ್ಯಕ್ಕೇ ಸೇರಿದ್ದಲ್ಲ. ಬೇಲಿಗೆ, ಹಸಿರೆಲೆ ಗೊಬ್ಬರಕ್ಕೆ ಚೆನ್ನ, ಊಟಕ್ಕಲ್ಲ.

ಸಕಲೇಶಪುರದಲ್ಲಿರುವ ಅಕ್ಕನಿಗೆ ಮಾತ್ರ ಚೊಗಚೆಯನ್ನೇ ಹೇಳಿದೆ. ಅಲ್ಲಿನ ಮಳೆಗೆ ನೀರು ನಿಂತ ಜಾಗದಲ್ಲಿ ತೊಗರಿಯ ಬೇರು ಕೊಳೆಯುತ್ತದೆ, ಚೊಗಚೆ ತಡೆದುಕೊಳ್ಳುತ್ತದೆ. ಹೆಂಚಿನ ಮನೆಯಿಂದ ದೂರ ನೆಡು ಎಂದಷ್ಟೇ ಎಚ್ಚರಿಸಿದ್ದೇನೆ.