ಶಿವಮೊಗ್ಗದ ಜ್ಞಾನಸಾಹಿತ್ಯ ತರಗತಿ: ಜಾಮೀನಿಗೆ ಉತ್ತರವಿದೆ, ಯೋಬನಿಗೆ ಸಮಯವಿಲ್ಲ

ಶಿವಮೊಗ್ಗದ ಚರ್ಚೊಂದರ ಸಭಾಂಗಣದಲ್ಲಿ ಶನಿವಾರ ಸಂಜೆ ನಡೆಯುವ ಈ ಅಧ್ಯಯನ ತರಗತಿಯಲ್ಲಿ ಬೈಬಲಿನ ಹಳೆಯ ಒಡಂಬಡಿಕೆಯ ಜ್ಞಾನೋಕ್ತಿಗಳು, ಪ್ರಸಂಗಿ ಮತ್ತು ಯೋಬ ಎಂಬ ಮೂರು ಗ್ರಂಥಗಳನ್ನು ದಿನನಿತ್ಯದ ಬದುಕಿಗೆ ಹೊಂದಿಸಿ ಓದಿಸುತ್ತಾರೆ. ಶುಲ್ಕವಿಲ್ಲ, ಜೆರಾಕ್ಸ್ ಖರ್ಚನ್ನಷ್ಟೇ ಕೇಳುತ್ತಾರೆ. ಕ್ರೈಸ್ತರಲ್ಲದವರೂ ಬಂದು ಕೂರಬಹುದು.

ಜ್ಞಾನೋಕ್ತಿಗಳು ಒಬ್ಬರೇ ಒಂದೇ ಉಸಿರಿನಲ್ಲಿ ಹೇಳಿದ ಮಾತಲ್ಲ ಎಂಬುದನ್ನು ಬೋಧಕರು ಆರಂಭದಲ್ಲೇ ಸ್ಪಷ್ಟಪಡಿಸುತ್ತಾರೆ. ಯೆಹೂದದ ಅರಸ ಹಿಜ್ಕೀಯನ ಕಡೆಯವರು ಪ್ರತಿಮಾಡಿದ ಮಾತುಗಳು 25ನೇ ಅಧ್ಯಾಯದಿಂದ ಶುರುವಾಗುತ್ತವೆ, 31ನೇ ಅಧ್ಯಾಯದ ಆರಂಭದಲ್ಲಿ ಲೆಮೂವೇಲನೆಂಬ ಅರಸನಿಗೆ ಅವನ ತಾಯಿ ಹೇಳಿದ ಬುದ್ಧಿಮಾತಿದೆ, 22ನೇ ಅಧ್ಯಾಯದ ನಡುವಿನಿಂದ ಬರುವ ಒಂದು ಭಾಗವಂತೂ ಪ್ರಾಚೀನ ಈಜಿಪ್ಟಿನ ‘ಅಮೆನೆಮೋಪೆಯ ಉಪದೇಶ’ ಎಂಬ ಗ್ರಂಥಕ್ಕೆ ತೀರ ಹತ್ತಿರದ್ದು. ಇಷ್ಟು ತಿಳಿದ ಮೇಲೆ, ಮೂಢನಿಗೆ ಉತ್ತರ ಕೊಡಬೇಡ ಎನ್ನುವ 26:4ರ (26ನೇ ಅಧ್ಯಾಯದ 4ನೇ ವಚನದ) ಬೆನ್ನಿಗೇ ಉತ್ತರ ಕೊಡು ಎನ್ನುವ 26:5 ಬಂದರೆ ಯಾರೂ ಗಾಬರಿಯಾಗುವುದಿಲ್ಲ.

ತರಗತಿಯ ಅತ್ಯುತ್ತಮ ಸಂಜೆಯೆಂದರೆ ಜಾಮೀನಿನದು. ಸೊಸೈಟಿ ಸಾಲಕ್ಕೆ ಸಹಿ ಹಾಕಿ ಸಿಕ್ಕಿಕೊಂಡವರು ಮಲೆನಾಡಿನ ಯಾವ ಊರಿನಲ್ಲಿ ಇಲ್ಲ? ಜ್ಞಾನೋಕ್ತಿಗಳ 17:17 ಗೆಳೆಯನ ಪ್ರೀತಿ ಎಲ್ಲ ಕಾಲಕ್ಕೂ ಇರುವಂಥದ್ದು, ಸಹೋದರನಿರುವುದೇ ಕಷ್ಟಕಾಲಕ್ಕೆ ಎನ್ನುತ್ತದೆ. ಮರುವಚನವೇ ನೆರೆಯವನಿಗೆ ಹೊಣೆ ನಿಲ್ಲುವವನು ಬುದ್ಧಿಹೀನ ಎನ್ನುತ್ತದೆ. ಹಾಗಾದರೆ ಸ್ವಂತ ಭಾವಮೈದುನನೇ ಬಂದು ಕೇಳಿದರೆ ಏನು ಮಾಡಬೇಕೆಂದು ಒಬ್ಬರು ಕೇಳಿದರು. ಬೋಧಕರು ತೀರ್ಪು ಕೊಡುವ ಬದಲು 6ನೇ ಅಧ್ಯಾಯ ತೆರೆಸಿದರು: ಈಗಾಗಲೇ ಹೊಣೆಯಾಗಿದ್ದರೆ ನಿದ್ದೆಗೂ ಎಡೆಗೊಡದೆ ಹೋಗಿ, ತಗ್ಗಿ ಬೇಡಿಕೊಂಡು ಬಿಡಿಸಿಕೋ ಎಂದು ಅಲ್ಲಿದೆ. ಕೈಲಾದಷ್ಟು ಹಣವನ್ನೇ ಕೊಡುವುದು ಬೇರೆ, ತೀರಿಸಲಾಗದ ಮೊತ್ತಕ್ಕೆ ಸಹಿ ಹಾಕುವುದು ಬೇರೆ ಎಂಬ ನಿಲುವಿಗೆ ಚರ್ಚೆ ತಾನಾಗಿಯೇ ಬಂದು ನಿಂತಿತು.

ಪ್ರಸಂಗಿಯ ಓದೂ ಚೆನ್ನಾಗಿತ್ತು. ಗಾಳಿಯನ್ನೇ ನೋಡುತ್ತಿರುವವನು ಬಿತ್ತುವುದಿಲ್ಲ, ಮೋಡವನ್ನೇ ನೋಡುತ್ತಿರುವವನು ಕೊಯ್ಯುವುದಿಲ್ಲ ಎಂಬ 11:4 ಬಂದಾಗ, ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮೋಡ ನೋಡದೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆದರೆ ಔಷಧಿಯೆಲ್ಲ ಮಳೆಗೆ ತೊಳೆದುಹೋಗುತ್ತದೆ ಎಂದು ಆಕ್ಷೇಪಿಸಿದರು. ಬೆಳಿಗ್ಗೆ ಬಿತ್ತು, ಸಂಜೆಯೂ ಕೈ ಬಿಡಬೇಡ, ಯಾವುದು ಫಲಿಸುವುದೋ ನಿನಗೆ ತಿಳಿಯದು ಎನ್ನುವ 11:6ನ್ನು ಜೊತೆಗಿಟ್ಟು, ಇಲ್ಲಿ ಬೇಡವೆಂದಿರುವುದು ಆಕಾಶ ನೋಡುವುದನ್ನಲ್ಲ, ಪೂರ್ತಿ ಖಾತರಿಯಾಗುವವರೆಗೆ ಕೈಕಟ್ಟಿ ಕೂರುವುದನ್ನು ಎಂದು ಬೋಧಕರು ವಿವರಿಸಿದರು. ಬೆಳೆಗಾರರು ಪೂರ್ತಿ ಒಪ್ಪಿದಂತೆ ಕಾಣಲಿಲ್ಲ. ಅವರನ್ನು ಒಪ್ಪಿಸಲೇಬೇಕೆಂಬ ಹಟವೂ ಬೋಧಕರಿಗಿರಲಿಲ್ಲ.

ಇಷ್ಟು ಚೆನ್ನಾಗಿ ನಡೆಸುವವರು 42 ಅಧ್ಯಾಯಗಳ ಯೋಬನನ್ನು ಒಂದೇ ಸಂಜೆಗೆ ತುರುಕಿರುವುದು ನನ್ನ ಮುಖ್ಯ ತಕರಾರು. ಮಕ್ಕಳೂ ಆಸ್ತಿಯೂ ಹೋದ ಕಥೆ ಹೇಳಿ, ನೇರವಾಗಿ ಕೊನೆಯ ಅಧ್ಯಾಯದಲ್ಲಿ ಆಸ್ತಿ ಇಮ್ಮಡಿಯಾಗಿ ಮರಳಿದ್ದಕ್ಕೆ ಹಾರಿದರು. ನಡುವಿನ ವಾದವನ್ನು ಬಿಟ್ಟರೆ ಆ ಗ್ರಂಥದಲ್ಲಿ ಉಳಿಯುವುದೇನು? ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ಜೊತೆಗೆ ಕೂತ ಗೆಳೆಯರು, ಬಾಯಿ ತೆರೆದದ್ದೇ ಬಿತ್ತಿದ್ದನ್ನೇ ಬೆಳೆಯುವೆ ಎಂಬ ಧಾಟಿಯಲ್ಲಿ ಮಾತಾಡತೊಡಗುತ್ತಾರೆ. 42:7ರಲ್ಲಿ ದೇವರು ಕೋಪಿಸಿಕೊಳ್ಳುವುದು ಅವರ ಮೇಲೆಯೇ ಹೊರತು ದೂರಿಟ್ಟ ಯೋಬನ ಮೇಲಲ್ಲ. ಸಾವಿನ ಮನೆಯಲ್ಲಿ ಕರ್ಮ, ಹಣೆಬರಹ ಎಂದು ಸಮಾಧಾನ ಹೇಳಿ ಎದ್ದುಬರುವ ನಮ್ಮಂಥವರಿಗೆ ಅತ್ಯಂತ ಹತ್ತಿರದ ಭಾಗ ಇದು. ಕೊನೆಗೆ ವಾರಕ್ಕೊಂದರಂತೆ ಪಾಲಿಸಲು ಸೂಕ್ತಿಗಳ ಪಟ್ಟಿಯನ್ನೂ ಹಂಚಿದರು. ಸಂದರ್ಭ ಕಳಚಿದ ಆ ಪಟ್ಟಿಯಿಂದ ನನಗೇನೂ ಪ್ರಯೋಜನವಾಗಲಿಲ್ಲ.

ಆದರೂ ಸೇರುವುದಾದರೆ ಸೇರಿ, ಯೋಬನ 3ರಿಂದ 31ರವರೆಗಿನ ಅಧ್ಯಾಯಗಳನ್ನು ಮನೆಯಲ್ಲೇ ಓದಿಕೊಂಡು ಬನ್ನಿ. ಮಳೆಗಾಲದಲ್ಲಿ ಚರ್ಚೆ ಹೊತ್ತು ಮೀರುವುದುಂಟು. ತೀರ್ಥಹಳ್ಳಿ, ಹೊಸನಗರದ ಕಡೆಗೆ ಹೋಗುವವರು ಕೊನೆಯ ಬಸ್ಸಿನ ಸಮಯವನ್ನು ಬೋಧಕರಿಗೆ ಮೊದಲೇ ತಿಳಿಸಿದರೆ ಪ್ರಶ್ನೋತ್ತರವನ್ನು ಮುಂಚಿತವಾಗಿ ಇಟ್ಟುಕೊಳ್ಳುತ್ತಾರೆ.